ಒಂದು ಸೈಕಲ್, ಒಂದು ನೋಟ್‌ಬುಕ್, ಒಂದು ಪಾರ್ಕು

ಭಾನುವಾರ, 9 ಫೆಬ್ರವರಿ 2025

ನನ್ನ ಇಷ್ಟದ ಸಿನಿಮಾಗಳ ಪಟ್ಟಿ ಮಾಡೋಣ ಅಂತ ಇವತ್ತು ಕೂತೆ. ಶುರು ಮಾಡುವ ಮೊದಲೇ ಒಂದು ನಿಯಮ ಹಾಕಿಕೊಂಡೆ. ಶ್ರೇಷ್ಠ ಅನ್ನಿಸಿಕೊಂಡಿದೆ ಅನ್ನುವ ಕಾರಣಕ್ಕೆ ಯಾವುದನ್ನೂ ಸೇರಿಸಬಾರದು. ನೋಡಿ ಮುಗಿಸಿದ ಮೇಲೂ ಮತ್ತೆ ನೋಡಬೇಕು ಅನ್ನಿಸಿದ್ದು ಮಾತ್ರ ಇರಲಿ.

ಶ್ರೇಷ್ಠ ಯಾವುದು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. 'ಸೈಟ್ ಅಂಡ್ ಸೌಂಡ್' ಅನ್ನುವ ಬ್ರಿಟಿಷ್ ಸಿನಿಮಾ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಪಟ್ಟಿ ಮಾಡುತ್ತಾ ಬಂದಿದೆ. 1962ರಿಂದ 2002ರವರೆಗೆ ಅದರಲ್ಲಿ 'ಸಿಟಿಜನ್ ಕೇನ್' ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. 2012ರಲ್ಲಿ 'ವರ್ಟಿಗೊ' ಬಂತು. 2022ರಲ್ಲಿ ಶಾಂಟಾಲ್ ಆಕರ್‌ಮಾನ್ ಅವರ 'ಜಾನ್ ಡೀಲ್ಮನ್'. 'ಕೇನ್' ನೋಡಿ ನಾನೂ ಬೆರಗಾಗಿದ್ದೇನೆ. ಆದರೆ ಮನಸ್ಸು ಭಾರವಾದ ದಿನ ಅದನ್ನು ಹಾಕಿಕೊಂಡು ಕೂರಬೇಕು ಅಂತ ಯಾವತ್ತೂ ಅನ್ನಿಸಿಲ್ಲ. ಹಾಗಾಗಿ ಅದು ಇಲ್ಲ.

ಆ ಪತ್ರಿಕೆಯ ಮೊಟ್ಟಮೊದಲ ಪಟ್ಟಿಯಲ್ಲಿ ಮೊದಲು ನಿಂತ ಸಿನಿಮಾವೇ ನನ್ನದರಲ್ಲೂ ಮೊದಲು. ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್', 1948ರದ್ದು. ಯುದ್ಧ ಮುಗಿದ ಮೇಲಿನ ರೋಮ್. ಕೆಲಸವಿಲ್ಲದ ಒಬ್ಬ ಅಪ್ಪನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಅಡವಿಟ್ಟ ಸೈಕಲ್ ಬಿಡಿಸಲು ಹೆಂಡತಿ ಮರಿಯಾ ಮನೆಯ ಬೆಡ್‌ಶೀಟ್‌ಗಳನ್ನು ಅಡವಿಡುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತು ಕಪಾಟು ಹತ್ತುತ್ತಾನೆ. ಹತ್ತುತ್ತಲೇ ಇರುತ್ತಾನೆ. ಮೇಲಿನವರೆಗೂ ಅಂಥವೇ ಗಂಟುಗಳು! ಇಡೀ ಊರಿನ ಬಡತನ ಅಷ್ಟರಲ್ಲೇ ಕಾಣುತ್ತದೆ. ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಈ ಸಿನಿಮಾದಲ್ಲಿ ನನಗೆ ಅತಿ ಇಷ್ಟದ ಜಾಗ ಅದು.

ಅಪ್ಪನ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಟರಲ್ಲ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಅವರ ನಡಿಗೆಯಲ್ಲೇ ಅದು ಗೊತ್ತಾಗುತ್ತದೆ. ಕಳುವಾದ ಆ ಸೈಕಲ್ ಹುಡುಕುವಾಗ ಪಕ್ಕದಲ್ಲಿ ಮಗ, ಪುಟ್ಟ ಬ್ರೂನೊ, ಅಪ್ಪನ ಹೆಜ್ಜೆಗೆ ಹೆಜ್ಜೆ ಹಾಕಲು ಓಡುತ್ತಾ, ಆಗಾಗ ಮುಖ ಎತ್ತಿ ಅಪ್ಪನನ್ನು ನೋಡುತ್ತಾ. ಕೊನೆಗೆ ಅಪ್ಪನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಅದನ್ನು ಮಗ ನೋಡಿಬಿಡುತ್ತಾನೆ. ಸೈಕಲ್ ಕಳೆದದ್ದಕ್ಕಿಂತ ಇದು ದೊಡ್ಡ ನಷ್ಟ ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ಎರಡನೆಯದು ಅಬ್ಬಾಸ್ ಕಿಯಾರೊಸ್ತಮಿ ಅವರ 1987ರ 'ವೇರ್ ಈಸ್ ದಿ ಫ್ರೆಂಡ್ಸ್ ಹೋಮ್?'. ಇರಾನಿನ ಹಳ್ಳಿಯ ಹುಡುಗ ಅಹ್ಮದ್ ಗೊತ್ತಿಲ್ಲದೆ ಗೆಳೆಯನ ನೋಟ್‌ಬುಕ್ ಮನೆಗೆ ತಂದಿರುತ್ತಾನೆ. ಇನ್ನೊಮ್ಮೆ ಹೋಂವರ್ಕ್ ನೋಟ್‌ಬುಕ್ಕಿನಲ್ಲಿ ಬರೆಯದೆ ಬಂದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಆ ಗೆಳೆಯನಿಗೆ ಹೇಳಿದ್ದಾರೆ. ಅಷ್ಟೇ ಕಥೆ. ಅಮ್ಮನಿಗೆ ಎಷ್ಟು ಹೇಳಿದರೂ ಕಿವಿಗೆ ಬೀಳುವುದಿಲ್ಲ. ದೊಡ್ಡವರ್‍ಯಾರಿಗೂ ಅದು ದೊಡ್ಡ ವಿಷಯವೇ ಅಲ್ಲ. ಹುಡುಗ ಮಾತ್ರ ಗುಡ್ಡದ ಅಂಕುಡೊಂಕು ದಾರಿ ಹತ್ತಿ ಪಕ್ಕದ ಹಳ್ಳಿಗೆ ಓಡುತ್ತಾನೆ. ಯಾವ ಥ್ರಿಲ್ಲರ್ ನೋಡುವಾಗಲೂ ನನಗೆ ಇಷ್ಟು ಆತಂಕ ಆಗಿಲ್ಲ.

ಆಮೇಲೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ 'ಇಕಿರು', 1952ರದ್ದು. ಹೊಟ್ಟೆಯ ಕ್ಯಾನ್ಸರ್ ಬಂದ ಸರ್ಕಾರಿ ಅಧಿಕಾರಿ ವತನಬೆ, ಸಾಯುವ ಮೊದಲು ಮಕ್ಕಳಿಗೆ ಒಂದು ಪಾರ್ಕು ಮಾಡಿಸಲು ಹೊರಡುತ್ತಾನೆ. ಸಿನಿಮಾ ಸುಮಾರು ಮೂರನೇ ಒಂದು ಭಾಗ ಬಾಕಿ ಇರುವಾಗಲೇ ಅವನು ಸತ್ತಿರುತ್ತಾನೆ! ಉಳಿದದ್ದೆಲ್ಲ ಅವನ ಫೋಟೊ ಮುಂದೆ ಕೂತ ಸಹೋದ್ಯೋಗಿಗಳ ಮಾತಿನಲ್ಲಿ ಬರುತ್ತದೆ. ಕುಡಿದು, ಅತ್ತು, ನಾವೂ ಅವನ ಹಾಗೆ ಕೆಲಸ ಮಾಡೋಣ ಅಂತ ಆಣೆ ಹಾಕುತ್ತಾರೆ. ಮತ್ತೆ ಆಫೀಸಿಗೆ ಬಂದಾಗ ಎಲ್ಲ ಹಳೆಯ ಹಾಗೇ. ಸಾವನ್ನು ಕೊನೆಗೆ ಇಟ್ಟಿದ್ದರೆ ನಾವು ಅತ್ತು ಸುಮ್ನೆ ಎದ್ದುಹೋಗುತ್ತಿದ್ದೆವು. ಮೊದಲೇ ತೋರಿಸಿದ್ದರಿಂದ ಅವನು ಮಾಡಿದ್ದೇನು ಅಂತ ನಾವೂ ಅವರ ಜೊತೆ ಕೂತು ಹುಡುಕಬೇಕಾಗುತ್ತದೆ. ಕುರೊಸಾವಾ ಅವರ 'ಸೆವೆನ್ ಸಮುರಾಯ್' ಬಿಟ್ಟು ಇದನ್ನು ಆರಿಸಿದ್ದು ಇದಕ್ಕೇ.

ಮೂರನ್ನೂ ಬರೆದು ನೋಡಿದಾಗ ಒಂದು ವಿಷಯ ಹೊಳೆಯಿತು. ಸೈಕಲ್, ನೋಟ್‌ಬುಕ್, ಪಾರ್ಕು. ನನಗೆ ಇಷ್ಟವಾದ ಸಿನಿಮಾಗಳಲ್ಲಿ ಯಾರೂ ಜಗತ್ತನ್ನು ಉಳಿಸಲು ಹೊರಟಿಲ್ಲ. ಬೇಕಾದದ್ದು ಚಿಕ್ಕದು, ಅದಕ್ಕಾಗಿ ಪಡುವ ಪಾಡು ಮಾತ್ರ ದೊಡ್ಡದು. ಚಾಪ್ಲಿನ್ ಅವರ 'ಸಿಟಿ ಲೈಟ್ಸ್' ಕೂಡ ಇದೇ ಸಾಲಿಗೆ ಸೇರುತ್ತದೆ. 1931ರ ಹೊತ್ತಿಗೆ ಎಲ್ಲರೂ ಮಾತಾಡುವ ಸಿನಿಮಾ ಮಾಡುತ್ತಿದ್ದರು, ಅವರು ಮಾತಿಲ್ಲದೆಯೇ ಮಾಡಿದರು. ಕಣ್ಣು ಕಾಣದಿದ್ದ ಹೂ ಮಾರುವ ಹುಡುಗಿ, ದೃಷ್ಟಿ ಬಂದ ಮೇಲೆ, ತನಗೆ ನೆರವಾದ ಅಲೆಮಾರಿಯನ್ನು ಗುರುತಿಸುವುದು ಕಣ್ಣಿನಿಂದಲ್ಲ, ಕೈ ಮುಟ್ಟಿ.

ಐದನೆಯದು ಈ ಲೆಕ್ಕಕ್ಕೆ ಸಿಗದ ಸಿನಿಮಾ. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ', ಅನಂತಮೂರ್ತಿ ಅವರ ಕಥೆ. ಇಲ್ಲಿ ಹುಡುಕುವುದಕ್ಕೆ ವಸ್ತುವೇ ಇಲ್ಲ. ವೇದ ಕಲಿಯಲು ಬಂದ ಪುಟ್ಟ ನಾಣಿಗೆ ಬೇಕಾದದ್ದು ಯಮುನಕ್ಕನ ಆಸರೆ. ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧ ಮಾಡುವ ದೊಡ್ಡವರ ಲೋಕ ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ. ಹುಡುಗನಿಗೆ ತಿಳಿದಷ್ಟನ್ನೇ ಕ್ಯಾಮೆರಾ ನಮಗೂ ತೋರಿಸುತ್ತದೆ. ಉಳಿದದ್ದನ್ನು ನಾವು ಊಹಿಸುತ್ತೇವೆ, ಆ ಊಹೆಯೇ ಜಾಸ್ತಿ ನೋಯಿಸುತ್ತದೆ. ಇದಕ್ಕೆ ಎಷ್ಟನೇ ಸ್ಥಾನ ಕೊಡಲಿ ಅಂತ ಯೋಚಿಸಿ, ಕೊನೆಗೆ ಎಲ್ಲದರ ಮುಂದಿನ ಸಂಖ್ಯೆಗಳನ್ನೂ ಅಳಿಸಿದೆ.