ಅಷ್ಟೊಂದು ಚಿನ್ನ ಇದ್ದೂ ಆಫ್ರಿಕಾದಲ್ಲಿ ಯಾಕೆ ಬಡತನ?

ನಾನು ಟಾಂಜಾನಿಯಾದಲ್ಲಿ ಕೆಲಸ ಮಾಡಿ ಬಂದವನು ಅಂತ ಗೊತ್ತಾದರೆ ಸಾಕು, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಲ್ಲಾ ಸಾರ್, ಚಿನ್ನ, ವಜ್ರ, ತಾಮ್ರ ಎಲ್ಲಾ ಅಲ್ಲೇ ಇದೆ. ಆದ್ರೂ ಆಫ್ರಿಕಾ ಯಾಕೆ ಮುಂದೆ ಬರಲಿಲ್ಲ?" ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ಒಬ್ಬರು ಬಿಸಿಲು ಅಂತಾರೆ, ಒಬ್ಬರು ಧರ್ಮ ಅಂತಾರೆ, ಇನ್ನೊಬ್ಬರು ಬಿಳಿಯರು ದೋಚಿದರು ಅಂತಾರೆ. 54 ದೇಶಗಳಿಗೆ ಒಂದೇ ಕಾರಣ ಹುಡುಕುವುದೇ ಕಷ್ಟ. ಆದರೂ ನನ್ನ ಲೆಕ್ಕ ಇಷ್ಟು: ನೆಲ ಕೊಟ್ಟ ಕಾಟ ಇದ್ದೇ ಇದೆ. ಆ ನೆಲದ ಮೇಲೆ ದಾರಿ ಹಾಕಿದವರು ಯಾರು, ಯಾರಿಗೋಸ್ಕರ ಹಾಕಿದರು ಅನ್ನೋದು ಅದಕ್ಕಿಂತ ದೊಡ್ಡದು.

ನೆಲದ ಕಾಟ ಅಂದರೆ ಸುಮ್ನೆ ಅಲ್ಲ. ಸಹಾರಾದ ದಕ್ಷಿಣಕ್ಕೆ ಬಹಳ ಕಡೆ ತ್ಸೆತ್ಸೆ ಅನ್ನುವ ನೊಣ ಇದೆ. ಅದು ಕಚ್ಚಿದರೆ ದನ, ಕುದುರೆಗಳಿಗೆ ರೋಗ ಹತ್ತುತ್ತದೆ, ಸೊರಗಿ ಸಾಯುತ್ತವೆ. ಎತ್ತಿಲ್ಲ ಅಂದರೆ ನೇಗಿಲಿಲ್ಲ, ಗಾಡಿಯಿಲ್ಲ, ಗೊಬ್ಬರವೂ ಇಲ್ಲ. ಸಾಮಾನೆಲ್ಲ ತಲೆಹೊರೆ. ಇಥಿಯೋಪಿಯಾದ ಎತ್ತರದ ಸೀಮೆಗೆ ಈ ನೊಣದ ಕಾಟ ಇರಲಿಲ್ಲ. ಅಲ್ಲಿ ಎತ್ತು ಕಟ್ಟಿ ಉತ್ತರು, ರಾಜ್ಯ ಕಟ್ಟಿದರು. 4ನೇ ಶತಮಾನದಲ್ಲೇ ಅಲ್ಲಿನ ರಾಜ ಎಜಾನಾ ಕ್ರೈಸ್ತನಾದ. 1896ರಲ್ಲಿ ಅಡ್ವಾ ಯುದ್ಧದಲ್ಲಿ ಇಟಲಿಯ ಸೈನ್ಯವನ್ನೇ ಸೋಲಿಸಿ ಕಳಿಸಿದರು. (ಅಂದಹಾಗೆ ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಮುದ್ದೆ ನುಂಗುತ್ತಾ "ಅವರಿಗೆ ಬೇಸಾಯ ಗೊತ್ತಿಲ್ಲ" ಅನ್ನುವವರನ್ನು ಕಂಡರೆ ನನಗೆ ನಗು.)

ಕಾಂಗೋ ನದಿಯ ಕತೆ ಇನ್ನೂ ವಿಚಿತ್ರ. ರಾಜಧಾನಿ ಕಿನ್ಶಾಸಾದಿಂದ ಮೇಲಕ್ಕೆ ಕಿಸಂಗಾನಿವರೆಗೆ ಸುಮಾರು 1,700 ಕಿ.ಮೀ. ದೋಣಿ ಆರಾಮಾಗಿ ಹೋಗುತ್ತದೆ. ಸಮುದ್ರದ ಕಡೆಗೆ ಇಳಿದರೆ ಸಾಲು ಸಾಲು ಜಲಪಾತ, ಬಂಡೆ, ಸುಳಿ. ಮಟಾಡಿ ಬಂದರಿನವರೆಗೆ ದೋಣಿ ಬಿಡುವ ಮಾತೇ ಇಲ್ಲ. ಮನೆಯೊಳಗೆ ಅಗಲವಾದ ಪಡಸಾಲೆ ಇದ್ದು, ತಲೆಬಾಗಿಲಿಗೇ ಗೋಡೆ ಎಬ್ಬಿಸಿದ ಹಾಗೆ. ಈ ತುಂಡನ್ನು ದಾಟಲು 1890ರಿಂದ 1898ರವರೆಗೆ ರೈಲು ದಾರಿ ಹಾಕಿದರು. ನೆಲದ ಸಮಸ್ಯೆ ಮುಗೀತು, ಅಲ್ವಾ?

ಮುಗಿಯಲಿಲ್ಲ. ಆಗ ಕಾಂಗೋ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡ್‌ನ ಖಾಸಗಿ ಆಸ್ತಿ. ಆ ರೈಲಿನಲ್ಲಿ ಹೊರಗೆ ಹೋಗಿದ್ದು ರಬ್ಬರ್, ಆನೆದಂತ. ಹೇಳಿದಷ್ಟು ರಬ್ಬರ್ ತರದ ಊರುಗಳಲ್ಲಿ ಜನರ ಕೈ ಕಡಿದರು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಪದವಿ ಮುಗಿಸಿದ ಕಾಂಗೋದವರು 30 ಜನರೂ ಇರಲಿಲ್ಲ. ಮರುವರ್ಷದ ಜನವರಿಯಲ್ಲಿ ಮೊದಲ ಪ್ರಧಾನಿ ಲುಮುಂಬಾ ಅವರ ಕೊಲೆಯಾಯಿತು. 1965ರಿಂದ 1997ರವರೆಗೆ ಮೊಬುಟು ಆಳಿದ, ದೇಶದ ಬೊಕ್ಕಸವನ್ನು ಸ್ವಂತ ಜೇಬು ಅಂದುಕೊಂಡ.

ಆಫ್ರಿಕಾದ ರೈಲು ನಕ್ಷೆ ತೆಗೆದು ನೋಡಿ. ಹಳೆಯ ಹಳಿಗಳಲ್ಲಿ ಹೆಚ್ಚಿನವು ಗಣಿಯಿಂದಲೋ ತೋಟದಿಂದಲೋ ಹೊರಟು ಬಂದರಿಗೆ ಮುಟ್ಟುತ್ತವೆ. ಪಕ್ಕದ ದೇಶದ ಪೇಟೆಗೆ ಹೋಗುವವು ಕಮ್ಮಿ. ಟಾಂಜಾನಿಯಾದ ಬಂದರು ಪಟ್ಟಣ ದಾರ್ ಎಸ್ ಸಲಾಂನಲ್ಲಿ ನಾನು ಓಡಾಡುತ್ತಿದ್ದ ದಾರಿಯಲ್ಲಿ ತಜಾರಾ, ಅಂದರೆ ಟಾಂಜಾನಿಯಾ-ಜಾಂಬಿಯಾ ರೈಲಿನ ಸ್ಟೇಷನ್ ಸಿಗುತ್ತಿತ್ತು. ಆ 1,860 ಕಿ.ಮೀ. ಹಳಿಯೂ ಜಾಂಬಿಯಾದ ತಾಮ್ರ ಸಾಗಿಸಲೆಂದೇ ಹುಟ್ಟಿದ್ದು. ಆದರೆ ಬಿಳಿಯರ ಹಿಡಿತದಲ್ಲಿದ್ದ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಹಂಗು ಬೇಡ ಅಂತ ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ, ಜಾಂಬಿಯಾದ ಅಧ್ಯಕ್ಷ ಕೌಂಡಾ ಇಬ್ಬರೂ ಹಠ ಹಿಡಿದು, 1970ರ ದಶಕದಲ್ಲಿ ಚೀನಾದಿಂದ ಹಾಕಿಸಿಕೊಂಡರು. ಅದು ಗಣಿಯ ದಾರಿಯೇ ಆದರೂ ಅವರೇ ಬೇಡಿ ಪಡೆದದ್ದು.

ಇನ್ನು ಧರ್ಮ. ಉತ್ತರ ನೈಜೀರಿಯಾ ಓದಿನಲ್ಲಿ ಹಿಂದೆ, ದಕ್ಷಿಣ ಮುಂದೆ. ಇಸ್ಲಾಂ ಕಾರಣ ಅಂತ ಥಟ್ ಅಂತ ಹೇಳಿಬಿಡುತ್ತಾರೆ. ಹಾಗಿದ್ದರೆ ಮಾಲಿ ದೇಶದ ಹಳೆಯ ಮುಸ್ಲಿಂ ವಿದ್ಯಾಕೇಂದ್ರ ಟಿಂಬಕ್ಟೂವಿನ ಸಾವಿರಾರು ಹಸ್ತಪ್ರತಿಗಳು ಎಲ್ಲಿಂದ ಬಂದವು? ಬ್ರಿಟಿಷರು ಉತ್ತರದ ಮುಸ್ಲಿಂ ದೊರೆಗಳಾದ ಎಮೀರರನ್ನು ಗಾದಿಯ ಮೇಲೆ ಉಳಿಸಿಕೊಂಡು ಅವರ ಮೂಲಕವೇ ಆಳಿದರು. ನಿಮ್ಮ ಧರ್ಮಕ್ಕೆ ಕೈ ಹಾಕಲ್ಲ ಅಂತ ಮಾತು ಕೊಟ್ಟು ಮಿಷನರಿಗಳನ್ನು ಹೊರಗಿಟ್ಟರು. ಆಗ ಇಂಗ್ಲಿಷ್ ಶಾಲೆ ಅಂದರೆ ಮಿಷನ್ ಶಾಲೆಯೇ. ಅವು ದಕ್ಷಿಣದಲ್ಲೇ ತುಂಬಿಕೊಂಡವು. ಸರ್ಕಾರ ಉತ್ತರದಲ್ಲಿ ತಾನೇ ಸಾಕಷ್ಟು ಶಾಲೆ ತೆರೆಯಲೂ ಇಲ್ಲ. ಖರ್ಚು ಉಳಿಯಿತು. ಈಗ ಬೈಗುಳ ಮಾತ್ರ ಧರ್ಮಕ್ಕೆ.

ಹಾಗಂತ ಎಲ್ಲವನ್ನೂ ವಸಾಹತಿನ ತಲೆಗೆ ಕಟ್ಟಿದರೆ ಬೋಟ್ಸ್ವಾನಾ ಅರ್ಥವಾಗಲ್ಲ. ಸಮುದ್ರವಿಲ್ಲ, ಬಹುಪಾಲು ಕಲಹರಿ ಮರುಭೂಮಿ. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಲೋಕದ ಕಡುಬಡ ದೇಶಗಳಲ್ಲೊಂದು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು, ಅದೂ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ಸೀಮೆಯಲ್ಲಿ! ಖಾಮಾ ಆ ಬುಡಕಟ್ಟಿನ ಗಾದಿಗೆ ವಾರಸುದಾರರೂ ಆಗಿದ್ದವರು. ಆದರೂ ನೆಲದಡಿಯ ಖನಿಜ ಬುಡಕಟ್ಟಿನದಲ್ಲ, ಇಡೀ ದೇಶದ್ದು ಅಂತ ಅವರ ಸರ್ಕಾರ ಕಾನೂನು ಮಾಡಿತು. ಮುಂದೆ ವಜ್ರದ ದೊಡ್ಡ ಕಂಪನಿ ಡಿ ಬಿಯರ್ಸ್ ಜೊತೆ ಕೂತು, ಗಣಿ ಕಂಪನಿಯಲ್ಲಿ ಅರ್ಧ ಪಾಲು ಕಿತ್ತುಕೊಂಡರು. ಆ ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗೆ ಹೋಯಿತು.

ಅಲ್ಲೂ ಎಲ್ಲ ಸುಖವಾಗಿಲ್ಲ. ಎಚ್‌ಐವಿ ಆ ದೇಶವನ್ನು ಹಿಂಡಿ ಹಾಕಿತು. ವಜ್ರ ಬಿಟ್ಟರೆ ಬೇರೆ ಆದಾಯ ಕಮ್ಮಿ. ಈಗ ನಮ್ಮ ಸೂರತ್‌ನಲ್ಲೂ ತಯಾರಾಗುವ ಲ್ಯಾಬ್ ವಜ್ರ ಬಂದು ಗಣಿ ವಜ್ರದ ಬೆಲೆ ಇಳಿದಿದೆ. ಕೆಲಸ ಇಲ್ಲ ಅನ್ನುವ ಸಿಟ್ಟೂ ಸೇರಿ, 2024ರ ಚುನಾವಣೆಯಲ್ಲಿ 1966ರಿಂದ ಆಳುತ್ತಿದ್ದ ಪಕ್ಷವನ್ನು ಜನ ಮನೆಗೆ ಕಳಿಸಿದರು. ಅಧ್ಯಕ್ಷರು ಸೋಲು ಒಪ್ಪಿಕೊಂಡು ತಕರಾರಿಲ್ಲದೆ ಕುರ್ಚಿ ಬಿಟ್ಟರು.