ಐದು ಪೆನ್ನು ಕಡೆದಾಯ್ತು, ಬರೆಯೋದು ಒಂದೂವರೆ

ಚನ್ನಪಟ್ಟಣದಲ್ಲಿ ಒಬ್ರು ಆಲೆ ಮರದ ತುಂಡನ್ನ ಲೇತಿಗೆ (ಮರ ತಿರುಗಿಸೋ ಯಂತ್ರ) ಸಿಗಿಸಿ, ಉಳಿ ಹಿಡಿದು, ಮಾತಾಡ್ತಾ ಮಾತಾಡ್ತಾನೇ ಎರಡು ನಿಮಿಷಕ್ಕೆ ಬುಗುರಿ ಮಾಡಿ ಕೈಗೆ ಕೊಟ್ರು. ಅದನ್ನ ನೋಡಿ ಇಷ್ಟೇನಾ ಅನ್ಸಿಬಿಡ್ತು ನನಗೆ. ತಪ್ಪು ಶುರುವಾಗಿದ್ದೇ ಅಲ್ಲಿ. ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಲೇತ್, ಒಂದು ಪೆನ್ ಮ್ಯಾಂಡ್ರೆಲ್ (ಮರದ ತುಂಡು ಪೋಣಿಸಿ ತಿರುಗಿಸೋ ಸಣ್ಣ ಕಂಬಿ), ಐದು ಸ್ಲಿಮ್‌ಲೈನ್ ಕಿಟ್ (ತೆಳು ಪೆನ್ನಿನ ಲೋಹದ ಬಿಡಿಭಾಗ) ತಂದು, ಮರದ ಪೆನ್ನು ಕಡೆಯೋಣ ಅಂತ ಹಿತ್ತಲ ಶೆಡ್ಡಲ್ಲಿ ಕೂತೆ. ಅಪ್ಪ ಬಿಲ್ ನೋಡಿ "ಈ ದುಡ್ಡಿಗೆ ರೆನಾಲ್ಡ್ಸ್ ಪೆನ್ನು ಎಷ್ಟು ಡಬ್ಬ ಬರ್ತಿತ್ತೋ" ಅಂದ್ರು, ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಪೆನ್ನು ಪೂರ್ತಿ ಮರದ್ದಲ್ಲ. ಒಳಗೆ 7 ಮಿಮೀ ಹಿತ್ತಾಳೆ ಟ್ಯೂಬ್ ಎರಡು ಇರುತ್ತೆ, ಮರಕ್ಕೆ ತೂತು ಹೊಡೆದು ಟ್ಯೂಬ್ ಅಂಟಿಸಿ, ಆಮೇಲೆ ಮ್ಯಾಂಡ್ರೆಲ್ಲಿಗೆ ಏರಿಸಿ, ಎರಡೂ ಕಡೆ ಇರೋ ಬುಷ್ (ಪೆನ್ನಿನ ದಪ್ಪ ತೋರಿಸೋ ಲೋಹದ ಉಂಗುರ) ಮಟ್ಟಕ್ಕೆ ಬರೋವರೆಗೂ ಕಡೀಬೇಕು. ಕೊನೇಲಿ ನಿಬ್, ರೀಫಿಲ್ ಒಳಗೆ ಹೊರಗೆ ಮಾಡೋ ಟ್ವಿಸ್ಟ್ ಮೆಕ್ಯಾನಿಸಂ, ಕ್ಲಿಪ್ ಎಲ್ಲ ಒತ್ತಿ ಕೂರಿಸೋದು. ಉಳಿ ಹಿಡಿಯೋ ಮಜಾ ಹತ್ತು ಹದಿನೈದು ನಿಮಿಷ, ಮಿಕ್ಕಿದ್ದೆಲ್ಲ ತೂತು, ಅಂಟು, ಕಾಯೋದು. ನನ್ನ ಪೆನ್ನುಗಳು ಕೆಟ್ಟಿದ್ದೂ ಹೆಚ್ಚಾಗಿ ಆ ಮಿಕ್ಕಿದ್ದರಲ್ಲೇ.

ಮೊದಲನೇದು ತೇಗ. ಡ್ರಿಲ್ ಇನ್ನೇನು ಆಚೆ ಕಡೆ ಬರಬೇಕು, ಟಪ್ ಅಂತ ಮರದ ತುದಿ ಸಿಡೀತು. ಮರಾನ ಟ್ಯೂಬಿನಷ್ಟೇ ಉದ್ದಕ್ಕೆ ಕುಯ್ದಿದ್ದೆ, ದಡ್ಡತನ. ಈಗ ಅರ್ಧ ಇಂಚು ಜಾಸ್ತಿ ಬಿಟ್ಟು ಕುಯ್ತೀನಿ, ತುದಿ ಸಿಡಿದ್ರೂ ಆ ಭಾಗ ಕತ್ತರಿಸಿ ಹಾಕ್ಬೋದು. ಇನ್ನೊಂದು, ಬಿಟ್‌ನ ಒಂದೇ ಸಲ ಒಳಗೆ ನೂಕಬಾರದು, ಸ್ವಲ್ಪ ಹೋಗಿ ಆಚೆ ಎಳೆದು ಹೊಟ್ಟು ಉದುರಿಸಿ ಮತ್ತೆ ಹೋಗ್ಬೇಕು, ಇಲ್ಲಾಂದ್ರೆ ಬಿಸಿಗೆ ಮರ ಸೀಳುತ್ತೆ.

ಎರಡನೇದು ಪೂರ್ತಿ ಪೆನ್ ಆಯ್ತು, ಆದ್ರೆ ಮುಟ್ಟಿ ನೋಡಿದ್ರೆ ಒಂದು ಕಡೆ ಮರ ಬುಷ್‌ಗಿಂತ ಎತ್ತರ, ಇನ್ನೊಂದು ಕಡೆ ತಗ್ಗು. ಉಳಿ ಚೂಪಿಲ್ಲ ಅಂತ ಮೂರು ಸಲ ಸಾಣೆ ಹಿಡಿದೆ. ಅಸಲು ವಿಷಯ ಏನಂದ್ರೆ ಮರ ಜಾರಬಾರದು ಅಂತ ನಾನು ಮ್ಯಾಂಡ್ರೆಲ್ ನಟ್ಟನ್ನೂ, ಲೇತಿನ ಆಚೆ ತುದೀಲಿ ಕಂಬಿಗೆ ಆಸರೆ ಕೊಡೋ ಟೇಲ್‌ಸ್ಟಾಕನ್ನೂ ಜೀವ ಹೋಗೋ ಹಾಗೆ ಬಿಗಿ ಮಾಡಿದ್ದೆ, ಆ ಸಣ್ಣ ಕಂಬಿ ಬಿಲ್ಲಿನ ಥರ ಬಾಗಿ ತಿರುಗ್ತಿತ್ತು. ಸಾಲ್ದು ಅಂತ ಜೋಡಿಸುವಾಗ ಟ್ವಿಸ್ಟ್ ಮೆಕ್ಯಾನಿಸಂನ ಬೆಂಚ್ ವೈಸಲ್ಲಿಟ್ಟು ಒಂದೇ ಏಟಿಗೆ ಒತ್ತಿಬಿಟ್ಟೆ, ಜಾಸ್ತಿ ಒಳಗೆ ಹೋಯ್ತು, ಈಗ ರೀಫಿಲ್ ಮುಚ್ಚೋದೇ ಇಲ್ಲ, ಯಾವಾಗ್ಲೂ ಮೂತಿ ಹೊರಗೆ. ಬರೆಯುತ್ತೆ, ಜೇಬಿಗೂ ಬರೆಯುತ್ತೆ. ಅದೇ ಆ ಅರ್ಧ ಪೆನ್ನು. ಸ್ವಲ್ಪ ಒತ್ತಿ, ರೀಫಿಲ್ ಹಾಕಿ ನೋಡಿ, ಮತ್ತೆ ಸ್ವಲ್ಪ ಒತ್ತಿ, ಹಾಗೆ ಮಾಡ್ಬೇಕಿತ್ತು.

ಮೂರನೇದರ ಬಗ್ಗೆ ಹೊಟ್ಟೆ ಉರಿ ಇನ್ನೂ ಇದೆ. ಅಜ್ಜಿ ಮನೇಲಿ ಮುರಿದ ಮಂಚದ ಬೀಟೆ ಕಾಲು ಇತ್ತು, ಕಪ್ಪು ಗೆರೆ, ಎಂಥ ಬಣ್ಣ ಅಂತೀರಾ. ಸೂಪರ್ ಗ್ಲೂ ಹಾಕಿ ಟ್ಯೂಬ್ ಕೂರಿಸಿದೆ, ಕಡೀತಾ ಇದ್ದಾಗ ಮರ ನಿಂತ್ಕೊಂಡು ಟ್ಯೂಬ್ ಮಾತ್ರ ಒಳಗೆ ಗರಗರ ತಿರುಗೋಕೆ ಶುರು. ಬೀಟೇಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಿಡಿಯಲ್ಲ, ಅಸಿಟೋನಲ್ಲಿ ಒರೆಸಿ, ಟ್ಯೂಬನ್ನ ಸ್ಯಾಂಡ್ ಪೇಪರಲ್ಲಿ ಒರಟು ಮಾಡಿ, ಅರಾಲ್ಡೈಟ್ ಅಂಟು ಹಾಕಿ ರಾತ್ರಿ ಪೂರ್ತಿ ಬಿಡ್ಬೇಕಂತೆ. ಅಂದಹಾಗೆ ಬೀಟೆ ಧೂಳು ಮೂಗಿಗೆ ಒಳ್ಳೇದಲ್ಲ, ಮಾಸ್ಕ್ ಇಲ್ದೆ ಕೂತು ಎರಡು ದಿನ ಸೀನಿದೆ.

ನಾಲ್ಕನೇದು ಮತ್ತೆ ತೇಗ, ಇದೇ ಆ ಒಂದು. ಅಂಟು ಟ್ಯೂಬಿನ ಒಳಗೆ ಹೋಗದಿರಲಿ ಅಂತ ಹಸಿ ಆಲೂಗಡ್ಡೆ ಬಿಲ್ಲೆಗೆ ಟ್ಯೂಬನ್ನ ಚುಚ್ಚಿದ್ರೆ ಬಾಯಿಗೆ ಬಿರಡೆ ಹಾಕಿದ ಹಾಗೆ, ಆಮೇಲೆ ತಳ್ಳಿದ್ರೆ ಬರುತ್ತೆ. ಅಡುಗೆಮನೆಯಿಂದ ಆಲೂಗಡ್ಡೆ ಕದ್ದು ಸಿಕ್ಕಿಬಿದ್ದೆ. ಕುಯ್ಯೋಕೆ ಮುಂಚೆ ಎರಡು ತುಂಡಿಗೂ ಪೆನ್ಸಿಲ್ ಗುರುತು ಹಾಕಿದ್ದಕ್ಕೆ ಮೇಲಿನ ತುಂಡಿನ ಮರದ ಗೆರೆ ಕೆಳಗಿನದಕ್ಕೂ ಹಾಗೇ ಇಳಿದಿದೆ. 150 ನಂಬರಿಂದ 600 ನಂಬರಿನವರೆಗೆ ಸ್ಯಾಂಡ್ ಪೇಪರ್, ಮೇಲೆ ತೆಳ್ಳಗೆ ಸೂಪರ್ ಗ್ಲೂ ಫಿನಿಶ್, ಹೊಳೀತಿದೆ.

ಐದನೇದಕ್ಕೆ ಚನ್ನಪಟ್ಟಣದ ಹುಚ್ಚು ಮತ್ತೆ ಹತ್ತಿತು. ಬೆಳ್ಳನೆ ಆಲೆ ಮರ, ಅಲ್ಲಿಂದಲೇ ತಂದ ಕೆಂಪು ಅರಗಿನ ಕಡ್ಡಿ. ತಿರುಗೋ ಮರಕ್ಕೆ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ಕೊಳ್ಳುತ್ತೆ, ಆಮೇಲೆ ತಾಳೆಗರಿ ಒತ್ತಿ ಹರಡಿದ್ರೆ ಕನ್ನಡಿ ಥರ ಹೊಳಪು. ಅವರ ಕೈಲಿ. ನನ್ನ ಕೈಲಿ ಮೊದ್ಲು ಗಂಟು ಗಂಟಾಯ್ತು, ಸ್ಪೀಡ್ ಜಾಸ್ತಿ ಮಾಡಿ ಗರಿಯನ್ನ ಗಟ್ಟಿಯಾಗಿ ಒತ್ತಿದ ಮೇಲೆ ಸಮ ಆಯ್ತು, ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸ್ದೆ. ಮ್ಯಾಂಡ್ರೆಲ್‌ನಿಂದ ತೆಗೆಯುವಾಗ ಗೊತ್ತಾಯ್ತು, ಅರಗು ಬುಷ್ ಮೇಲೂ ಹರಿದು ಎರಡನ್ನೂ ಬೆಸೆದಿದೆ ಅಂತ. ತಿರುಚಿದೆ, ಬುಷ್ ಜೊತೆ ಅಂಚಿನ ಬಣ್ಣಾನೂ ಚಕ್ಕೆ ಎದ್ದು ಬಂತು. ಎಲ್ಲರ ಮುಂದೇನೇ. ಮುಂದಿನ ಸಲ ತೆಗೆಯೋಕೆ ಮುಂಚೆ ಜೋಡಣೆ ಮೇಲೆ ಬ್ಲೇಡಲ್ಲಿ ಗೀರಿಕೊಳ್ತೀನಿ.

ಚಕ್ಕೆ ಎದ್ದ ಆ ತುಂಡು ಹಾಗೇ ಇಟ್ಟಿದೀನಿ, ಅಂಚಿಗೆ ಮತ್ತೆ ಅರಗು ಕೊಟ್ಟು ನೋಡೋಣ ಅಂತ. ಕಿಟ್ ಇನ್ನೂ ಐದಕ್ಕೆ ಆರ್ಡರ್ ಹಾಕಿದೀನಿ, ಈ ಬಿಲ್ ಅಪ್ಪಂಗೆ ತೋರಿಸಿಲ್ಲ. ಬೀಟೆ ಕಾಲು ಇನ್ನೊಂದು ಗೇಣು ಉಳಿದಿದೆ, ಅರಾಲ್ಡೈಟ್ ತಂದಾಯ್ತು.