ಎಮ್ ಕ್ಯಾನ್ಸಲ್ ಆಗೋವರೆಗೂ ನಂಬರ್ ಹಾಕ್ಬೇಡಿ

ಫಸ್ಟ್ ಪಿಯುಸಿ ಫಿಸಿಕ್ಸಲ್ಲಿ ವರ್ಕ್ ಎನರ್ಜಿ ಪವರ್ ಚಾಪ್ಟರ್ ಬಂತು ಅಂದ್ರೆ ನಂಗೆ ತುಂಬಾ ಖುಷಿ. ಸಂಜೆ ಹೊತ್ತು ನಮ್ಮ ಬೀದಿ ಮಕ್ಳಿಗೆ ಹೇಳ್ಕೊಡ್ತೀನಿ. ಕನ್ನಡ ಮೀಡಿಯಮ್ಮಿಂದ ಬಂದೋರೂ ಇರ್ತಾರೆ, ಹೈಸ್ಕೂಲಲ್ಲಿ ಪ್ರಚ್ಛನ್ನ ಶಕ್ತಿ, ಚಲನ ಶಕ್ತಿ ಅಂತ ಓದ್ಕೊಂಡು ಬಂದು ಇಲ್ಲಿ ಪೊಟೆನ್ಷಿಯಲ್, ಕೈನೆಟಿಕ್ ಅಂತ ಬರೀಬೇಕು, ಅದು ಒಂದು ವಾರದಲ್ಲಿ ರೂಢಿಯಾಗತ್ತೆ. ನಿಜವಾದ ಕಷ್ಟ ಇರೋದು ಪ್ರಾಬ್ಲಮ್ ಓದಿದ ತಕ್ಷಣ ಅದ್ರಲ್ಲಿರೋ ನಂಬರ್‌ಗಳನ್ನ ಹೆಕ್ಕಿ ಫಾರ್ಮುಲಾಗೆ ತುರುಕೋ ಆತುರದಲ್ಲಿ.

ಒಂದು ಉದಾಹರಣೆ ತಗೊಳ್ಳಿ. 15 ಮೀಟರ್ ಎತ್ತರದ ತೆಂಗಿನಮರದಿಂದ ಒಂದೂವರೆ ಕೆಜಿ ಕಾಯಿ ಬೀಳತ್ತೆ, ನೆಲ ಮುಟ್ಟೋ ಹೊತ್ತಿಗೆ ಅದ್ರ ವೇಗ ಎಷ್ಟು? ಮಕ್ಳು ಏನ್ಮಾಡ್ತಾರೆ ಅಂದ್ರೆ 1.5 ಇಂಟು 9.8 ಇಂಟು 15, 220.5 ಜೌಲ್ ಬಂತು, ಅದನ್ನ ಎರಡರಿಂದ ಗುಣಿಸಿ 441, ವಾಪಸ್ 1.5ರಿಂದ ಭಾಗಿಸಿ 294, ಅದ್ರ ರೂಟ್ ಸುಮಾರು 17.1, ಮುಗೀತು. ಉತ್ತರ ಸರಿ. ಆದ್ರೆ ಆ 1.5 ಒಳಗೆ ಬಂದು ಹಾಗೇ ಆಚೆ ಹೋಯ್ತಲ್ಲ, ಅದನ್ನ ಯಾರೂ ನೋಡ್ಲೇ ಇಲ್ಲ. ಅದೇ ಮೊದ್ಲು ಅಕ್ಷರದಲ್ಲೇ ಬರೆದಿದ್ರೆ (ಎಮ್ ಅಂದ್ರೆ ದ್ರವ್ಯರಾಶಿ, ಜಿ ಅಂದ್ರೆ ಗುರುತ್ವದ ಆ 9.8, ಎಚ್ ಎತ್ತರ, ವಿ ವೇಗ), ಮೇಲಿದ್ದ ಪೊಟೆನ್ಷಿಯಲ್ ಎನರ್ಜಿ ಎಲ್ಲಾ ಕೆಳಗೆ ಕೈನೆಟಿಕ್ ಆಗತ್ತೆ, ಅಂದ್ರೆ ಎಮ್‌ಜಿಎಚ್ ಈಕ್ವಲ್ಸ್ ಅರ್ಧ ಎಮ್‌ವಿ ಸ್ಕ್ವೇರ್, ಎರಡೂ ಕಡೆ ಎಮ್ ಹೊಡೆದು ಹೋಗಿ ವಿ ಸ್ಕ್ವೇರ್ ಅಂದ್ರೆ 2ಜಿಎಚ್ ಅಂತ ಉಳ್ಕೊಳತ್ತೆ. ಈಗ ಆ ಸಾಲು ಬರೀ ಈ ಕಾಯಿದಲ್ಲ, ಎಳನೀರಿಗೂ ಅದೇ, ಮರದ ಮೇಲಿಂದ ಕೈಜಾರಿದ ಮಚ್ಚಿಗೂ ಅದೇ. ಸೆಕೆಂಡಿಗೆ 17.1 ಮೀಟರ್ ಅಂದ್ರೆ ಗಂಟೆಗೆ ಸುಮಾರು 62 ಕಿಲೋಮೀಟರ್. ತೂಕ ಬೇಕಾಗೋದು ತಲೆ ಮೇಲೆ ಬಿದ್ರೆ ಎಷ್ಟು ಏಟು ಅಂತ ಕೇಳಿದಾಗ, ಆಗ ಆ 220 ಜೌಲ್‌ಗೆ ಅರ್ಥ ಬರತ್ತೆ. ಅದಕ್ಕೇ ನಾನು ನಂಬರ್ ಕೊನೇ ಸಾಲಲ್ಲಿ ಮಾತ್ರ ಹಾಕಿ ಅಂತ ಹಠ ಮಾಡೋದು. ನಂಬರ್ ಮೊದ್ಲೇ ಹಾಕಿದ್ರೆ ಉತ್ತರ ಸಿಗತ್ತೆ, ಫಿಸಿಕ್ಸ್ ಸಿಗಲ್ಲ.

ಇನ್ನೊಂದು ಗೊಂದಲ ಆಗೋದು ಎಚ್ ಎಲ್ಲಿಂದ ಅಳೀಬೇಕು ಅನ್ನೋದ್ರಲ್ಲಿ. ಬಾವಿ ಪ್ರಾಬ್ಲಮ್ ಕೊಟ್ರೆ ಗೊತ್ತಾಗತ್ತೆ. 12 ಮೀಟರ್ ಆಳದಿಂದ 10 ಕೆಜಿ ತುಂಬಿದ ಬಿಂದಿಗೆ ಸೇದ್ತೀವಿ, ನೆಲಮಟ್ಟನ ಸೊನ್ನೆ ಅಂತ ಇಟ್ಕೊಂಡ್ರೆ ತಳದಲ್ಲಿರೋ ಬಿಂದಿಗೆಯ ಪೊಟೆನ್ಷಿಯಲ್ ಎನರ್ಜಿ ಮೈನಸ್ 1176 ಜೌಲ್. ಮೈನಸ್ ನೋಡಿದ ತಕ್ಷಣ ಮಕ್ಳು ಹೆದರಿ ಅಳಿಸಿ ಪ್ಲಸ್ ಮಾಡ್ತಾರೆ, ಅಳಿಸೋದು ಬೇಡ, ತಳಾನೇ ಸೊನ್ನೆ ಅಂತ ಇಟ್ಕೊಂಡು ಇನ್ನೊಂದ್ಸಲ ಮಾಡಿ, ಈಗ ತಳದಲ್ಲಿ 0 ಮೇಲೆ 1176, ವ್ಯತ್ಯಾಸ ಎರಡು ಸಲಾನೂ ಅಷ್ಟೇ. ಸೊನ್ನೆ ಎಲ್ಲಿ ಅನ್ನೋದು ನಮ್ಮಿಷ್ಟ, ಆದ್ರೆ ಒಂದ್ಸಲ ಇಟ್ಮೇಲೆ ಪ್ರಾಬ್ಲಮ್ ಮಧ್ಯದಲ್ಲಿ ಬದಲಾಯಿಸೋ ಹಾಗಿಲ್ಲ. ಚಿತ್ರದಲ್ಲಿ ಒಂದು ಗೆರೆ ಎಳೆದು ಎಚ್ ಸೊನ್ನೆ ಅಂತ ಬರೆದುಬಿಡಿ, ಅರ್ಧ ತಪ್ಪುಗಳು ಅಲ್ಲೇ ನಿಂತು ಹೋಗ್ತವೆ.

ಪೆಂಡ್ಯುಲಮ್‌ನಲ್ಲೂ ಇದೇ ಎಡವಟ್ಟು. 1 ಮೀಟರ್ ದಾರ, 60 ಡಿಗ್ರಿ ಎಳೆದು ಬಿಟ್ರೆ ತಳದಲ್ಲಿ ವೇಗ ಎಷ್ಟು ಅಂದ್ರೆ ಎಲ್ ಕಾಸ್ ಥೀಟಾನೇ (ಎಲ್ ದಾರದ ಉದ್ದ, ಥೀಟಾ ಎಳೆದ ಕೋನ) ಎತ್ತರ ಅಂತ ತಗೊಳ್ತಾರೆ. ಅದು ದಾರ ಕಟ್ಟಿದ ಮೊಳೆಯಿಂದ ಕೆಳಗೆ ಅಳೆದ ದೂರ. ಗುಂಡು ತಳದಿಂದ ಮೇಲೆದ್ದಿರೋದು ಎಲ್ ಮೈನಸ್ ಎಲ್ ಕಾಸ್ ಥೀಟಾ, ಅಂದ್ರೆ ಅರ್ಧ ಮೀಟರ್. ವೇಗ ಸೆಕೆಂಡಿಗೆ 3.13 ಮೀಟರ್. ಇಲ್ಲಿ 60 ಡಿಗ್ರಿಗೆ ಕಾಸ್ ಕೂಡ ಅರ್ಧಾನೇ ಆಗಿರೋದ್ರಿಂದ ತಪ್ಪು ದಾರಿಯಲ್ಲೂ ಸರಿ ಉತ್ತರ ಬಂದ್ಬಿಡತ್ತೆ, ಅದಕ್ಕೇ ಪ್ರಾಕ್ಟೀಸ್ ಮಾಡೋವಾಗ 60 ಬಿಟ್ಟು 37 ಡಿಗ್ರಿ ತಗೊಳ್ಳಿ.

ನಂಗೆ ತುಂಬಾ ಇಷ್ಟವಾದ ಪ್ರಾಬ್ಲಮ್ ಒಂದಿದೆ. 20 ಮೀಟರ್ ಎತ್ತರದ ಟೆರೇಸಿಂದ ಮೂರು ಕಲ್ಲು ಎಸೀತೀವಿ, ಮೂರಕ್ಕೂ ಸೆಕೆಂಡಿಗೆ 10 ಮೀಟರ್ ವೇಗ, ಒಂದು ನೇರ ಮೇಲಕ್ಕೆ, ಒಂದು ನೇರ ಕೆಳಕ್ಕೆ, ಒಂದು ಅಡ್ಡಕ್ಕೆ. ಯಾವುದು ಜಾಸ್ತಿ ಜೋರಾಗಿ ನೆಲಕ್ಕೆ ಬಡಿಯತ್ತೆ? ಎಲ್ರೂ ಕೆಳಕ್ಕೆ ಎಸೆದಿದ್ದು ಅಂತಾರೆ. ಗಾಳಿ ಅಡ್ಡಿ ಬಿಟ್ರೆ ಮೂರೂ ಒಂದೇ, 22.2. ಯಾಕಂದ್ರೆ ಎನರ್ಜಿಗೆ ದಿಕ್ಕಿಲ್ಲ, ಶುರುವಲ್ಲಿ ಎಷ್ಟಿತ್ತು ಕೊನೆಯಲ್ಲಿ ಎಷ್ಟಿದೆ ಅಷ್ಟೇ ಲೆಕ್ಕ. ಹಾಗಾದ್ರೆ ಯಾವುದು ಮೊದ್ಲು ಬೀಳತ್ತೆ ಅಂತ ಕೇಳಿದ್ರೆ ಈ ವಿಧಾನ ಬಾಯೇ ಬಿಡಲ್ಲ, ಟೈಮ್ ಬೇಕು ಅಂದ್ರೆ ಚಲನೆಯ ಸಮೀಕರಣಗಳ ಹತ್ರಾನೇ ಹೋಗ್ಬೇಕು. ಎನರ್ಜಿ ಹಾಕ್ಲಾ ಅದನ್ನ ಹಾಕ್ಲಾ ಅಂತ ಡೌಟ್ ಬಂದಾಗ ನಾನು ಮೊದ್ಲು ನೋಡೋದು ಪ್ರಶ್ನೆಯಲ್ಲಿ ಟೈಮ್ ಕೇಳಿದಾರಾ ಅಂತ.

ಘರ್ಷಣೆ ಬಂದ್ರೆ ಎನರ್ಜಿ ಕನ್ಸರ್ವೇಷನ್ ಸುಳ್ಳಾಯ್ತು ಅಂದ್ಕೊಳ್ಳೋರೂ ಇದಾರೆ. ಪಾರ್ಕಲ್ಲಿ 2 ಮೀಟರ್ ಎತ್ತರದ ಜಾರುಬಂಡೆ, 20 ಕೆಜಿ ಮಗು, ಕೆಳಗೆ ಬಂದಾಗ ವೇಗ ಸೆಕೆಂಡಿಗೆ 3 ಮೀಟರ್. ಮೇಲೆ 392 ಜೌಲ್ ಇತ್ತು, ಕೆಳಗೆ 90 ಇದೆ. ಉಳಿದ 302 ಎಲ್ಲಿ? ಜಾರುಬಂಡೆ ಮತ್ತೆ ಚಡ್ಡಿ ಬಿಸಿಯಾಗೋಕೆ ಹೋಯ್ತು. ಆ 302ನ ಸಮೀಕರಣದಲ್ಲಿ ಒಂದು ಪದವಾಗಿ ಬರೀಬೇಕು ಅಷ್ಟೇ.

ಇನ್ನು ಅರ್ಧ ಎಮ್‌ವಿ ಸ್ಕ್ವೇರಲ್ಲಿರೋ ಆ ಸ್ಕ್ವೇರ್. ಇದ್ರ ಬಗ್ಗೆ ಟೆಕ್ಸ್ಟ್‌ಬುಕ್ ಬೇಗ ಮುಗಿಸಿಬಿಡತ್ತೆ, ನಂಗೆ ಹಾಗೆ ಬಿಡೋಕೆ ಮನಸ್ಸಿಲ್ಲ. ಚಲಿಸೋ ವಸ್ತುವಿನ ಬಲ ಅಳೆಯೋಕೆ ವಿ ಸಾಕಾ, ವಿ ಸ್ಕ್ವೇರ್ ಬೇಕಾ ಅಂತ ಯುರೋಪಲ್ಲಿ ದೊಡ್ಡ ಜಗಳಾನೇ ನಡೆದಿತ್ತು. 1720ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನ ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ, ಎರಡರಷ್ಟು ವೇಗದಲ್ಲಿ ಬಿದ್ದ ಗುಂಡಿನ ಏಟು ಎರಡರಷ್ಟಲ್ಲ, ನಾಲ್ಕರಷ್ಟು. ಫ್ರಾನ್ಸಲ್ಲಿ ಎಮಿಲಿ ಡು ಶಾಟ್ಲೆ ಅನ್ನೋ ಮಹಿಳೆ 1740ರಲ್ಲಿ ತನ್ನ ಪುಸ್ತಕದಲ್ಲಿ ವಿ ಸ್ಕ್ವೇರ್ ಪರವಾಗಿ ಗಟ್ಟಿಯಾಗಿ ವಾದ ಮಾಡಿದ್ರು. ಮುಂದಿರೋ ಆ ಅರ್ಧ ಫ್ರೆಂಚ್ ವಿಜ್ಞಾನಿ ಕೊರಿಯೋಲಿಸ್ ಕಾಲದಲ್ಲಿ ಬಂತು, 1829. ನೂರು ವರ್ಷ ದೊಡ್ಡ ದೊಡ್ಡೋರೇ ತಲೆ ಕೆಡಿಸ್ಕೊಂಡಿದ್ದನ್ನ ನಮ್ಮ ಮಕ್ಳು ಒಂದು ಪೀರಿಯಡ್ಡಲ್ಲಿ ನುಂಗ್ಬೇಕು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋದು ನ್ಯಾಯ ಅನ್ಸತ್ತೆ. ಜೇಡಿಮಣ್ಣು ಸಿಗದಿದ್ರೆ ರೋಡ್ ನೋಡಿ: ಟೈರಿಗೂ ರೋಡಿಗೂ ಘರ್ಷಣಾಂಕ (ಎಷ್ಟು ಹಿಡಿತ ಇದೆ ಅನ್ನೋ ಅಳತೆ) 0.7 ಅಂತ ತಗೊಂಡ್ರೆ ಬ್ರೇಕ್ ಒತ್ತಿದ ಮೇಲೆ 40ರ ಸ್ಪೀಡಿಗೆ 9 ಮೀಟರಲ್ಲಿ ನಿಲ್ಲೋ ಗಾಡಿ 80ಕ್ಕೆ 36 ಮೀಟರ್ ಬೇಕು ಅನ್ನತ್ತೆ. ಇಲ್ಲೂ ಎಮ್ ಹೊಡೆದು ಹೋಗಿದೆ ನೋಡಿ. ಬೈಕ್ ಕಲಿಯೋ ವಯಸ್ಸಿನ ಹುಡುಗ್ರಿಗೆ ಈ ಒಂದು ಪ್ರಾಬ್ಲಮ್ ನಾನು ಬಿಡದೇ ಮಾಡಿಸ್ತೀನಿ.

ಉತ್ತರ ಬಂದ್ಮೇಲೆ ಅದನ್ನ ನಿಜವಾದ ಜಾಗದಲ್ಲಿ ಇಟ್ಟು ನೋಡೋದೂ ಮುಖ್ಯ. ಜೋಗದಲ್ಲಿ ನೀರು 253 ಮೀಟರ್ ಬೀಳತ್ತೆ. 2ಜಿಎಚ್ ಹಾಕಿದ್ರೆ ವೇಗ ಸೆಕೆಂಡಿಗೆ 70 ಮೀಟರ್, ಗಂಟೆಗೆ 253 ಕಿಲೋಮೀಟರ್. ಎರಡು 253 ಬಂದಿದ್ದು ಕಾಕತಾಳೀಯ, ಆದ್ರೆ ಮಳೆಗಾಲದಲ್ಲಿ ಹೋಗಿ ನಿಂತ್ರೆ ಅಷ್ಟು ವೇಗ ಕಾಣಲ್ಲ, ನೀರು ಒಡೆದು ಹನಿಹನಿಯಾಗಿ ಗಾಳಿಯಲ್ಲಿ ತೇಲ್ಕೊಂಡು ಬರತ್ತೆ. ಎನರ್ಜಿ ಎಲ್ಲಾ ಕೊನೆಗೆ ಶಾಖ ಆಗತ್ತೆ ಅಂದ್ರೂ ಕೆಳಗಿನ ನೀರು ಬಿಸಿಯಾಗೋದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಜೌಲ್ ಅನ್ನೋ ಅಳತೆಗೆ ಯಾರ ಹೆಸರಿಟ್ಟಿದಾರೋ ಆ ವಿಜ್ಞಾನಿ ಜೌಲ್ 1847ರಲ್ಲಿ ಆಲ್ಪ್ಸ್ ಕಡೆ ಹೋದಾಗ ಒಂದು ಜಲಪಾತದ ಮೇಲೂ ಕೆಳಗೂ ಇದನ್ನೇ ಥರ್ಮಾಮೀಟರಲ್ಲಿ ಅಳೆಯೋಕೆ ನೋಡಿದ್ದ. ಇನ್ನೊಂದು ಲೆಕ್ಕ ಕೇಳಿ, 1000 ಲೀಟರ್ ನೀರು ಜೋಗದ ಪೂರ್ತಿ ಎತ್ತರದಿಂದ ಬಿದ್ರೆ ಸಿಗೋದು ಹೆಚ್ಚುಕಮ್ಮಿ 25 ಲಕ್ಷ ಜೌಲ್, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 0.69 ಯೂನಿಟ್! ಒಂದು ಯೂನಿಟ್ಟಿಗೇ 1450 ಲೀಟರ್ ಬೇಕು, ಅದೂ ಒಂಚೂರೂ ನಷ್ಟ ಇಲ್ದೆ. ಕರೆಂಟ್ ಮಾಡೋಕೆ ಲಿಂಗನಮಕ್ಕಿ ಡ್ಯಾಮಲ್ಲಿ ಯಾಕೆ ಅಷ್ಟು ನೀರು ನಿಲ್ಲಿಸ್ಬೇಕಾಯ್ತು ಅಂತ ಈ ಒಂದು ಸಾಲಿನ ಗುಣಾಕಾರ ಹೇಳ್ಬಿಡತ್ತೆ.

ಇಷ್ಟು ಬಂದ್ರೆ ಮುಂದಿನದ್ದು ಲೂಪ್ ಪ್ರಾಬ್ಲಮ್ ಮಾಡಿ. ಘರ್ಷಣೆ ಇಲ್ಲದ ಹಳಿ ಮೇಲೆ ಸಣ್ಣ ಗಾಡಿಯೊಂದು ಎಚ್ ಎತ್ತರದಿಂದ ಜಾರಿ ಆರ್ ತ್ರಿಜ್ಯದ ವೃತ್ತ ಸುತ್ತಬೇಕು, ಎಲ್ಲೂ ಹಳಿ ಬಿಡಬಾರ್ದು, ಎಚ್ ಕನಿಷ್ಠ ಎಷ್ಟಿರ್ಬೇಕು? ಎರಡೂವರೆ ಆರ್ ಬರ್ಬೇಕು. ಎರಡು ಆರ್ ಬಂದಿದ್ರೆ ವೃತ್ತದ ತುದಿಯಲ್ಲಿ ವೇಗ ಸೊನ್ನೆ ಅಂತ ತಗೊಂಡಿದೀರ, ಅಲ್ಲಿ ವಿ ಸ್ಕ್ವೇರ್ ಕನಿಷ್ಠ ಜಿ ಇಂಟು ಆರ್ ಇರ್ಲೇಬೇಕು, ಅದನ್ನ ಇಟ್ಕೊಂಡು ಮತ್ತೆ ಮಾಡಿ.